ಕೂಳೆ

ಹಿಂಗಾರಿಯ ಜೋಳ ಕೊಯ್ದು, ಕಣ ಮಾಡಿ, ರಾಶಿ ಮನೆಗೆ ಬಂದಿತೆಂದರೆ ಒಕ್ಕಲಿಗನ ಕೆಲಸ ಮುಗಿಯಿತೆಂದು ತಿಳಿಯುವವರು ಹೊಲವನ್ನು ದಾರಿಯ ಮೇಲಿನಿಂದ ನೋಡಿದವರು ಮಾತ್ರ. ಕೊಯ್ದ ದಂಟಿನ ಬುಡವು ನೆಲದಲ್ಲಿ ಬೇರು ಬಿಟ್ಟುಕೊಂಡು ನಿಂತೇ ಇರುತ್ತದೆ. ನಮ್ಮ ಗಜೇಂದ್ರಗಡದ ಎರೆಯ ಸೀಮೆಯಲ್ಲಿ ಅದಕ್ಕೆ ಕೂಳೆ ಎನ್ನುತ್ತಾರೆ, ಆಡುಮಾತಿನಲ್ಲಿ ಕೂಳಿ. ಅದನ್ನು ಕಿತ್ತು ಆರಿಸದೆ ಬಿತ್ತಲು ಹೋದರೆ ಕೂರಿಗೆಯ ತಾಳು ಬುಡಕ್ಕೆ ಸಿಕ್ಕಿ ಜಿಗಿಯುತ್ತದೆ, ಬೀಜ ಸಾಲು ತಪ್ಪಿ ಬೀಳುತ್ತದೆ, ಎತ್ತು ನಿಂತುಬಿಡುತ್ತದೆ. ಹಳೆಯ ಬೆಳೆಯನ್ನು ಮೇಲಿನಿಂದ ಕೊಯ್ದದ್ದು ಬೇರೆ, ಬುಡದಿಂದ ತೆಗೆದದ್ದು ಬೇರೆ.

ಈ ಮಾತು ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಬೇಸಿಗೆಯ ರಜೆಯಲ್ಲಿ ನಮ್ಮ ತಂದೆಯವರು ನನ್ನನ್ನು ರಾಜೂರ ಹೊಲಕ್ಕೆ ಕೂಳೆ ಆರಿಸಲು ಅಟ್ಟುತ್ತಿದ್ದರು; ನಾನು ಪುಸ್ತಕದ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನು. ಆದರೆ ಗಣಕಯಂತ್ರದ ಹೊಟ್ಟೆಯಲ್ಲಿಯೂ ಕೂಳೆ ಉಳಿಯುತ್ತದೆ, ಅದನ್ನು ತೆಗೆದ ಹೊರತು ಅಲ್ಲಿಯೂ ಹೊಸ ಬಿತ್ತನೆ ನಡೆಯದು ಎಂಬದನ್ನು ನಾನು ಕಲಿತದ್ದು 2021ನೆಯ ಇಸವಿಯ ಮಳೆಗಾಲದಲ್ಲಿ, ಶಾಲೆಯ ಕೆಲಸದಿಂದ ನಿವೃತ್ತನಾಗಿ ಏಳು ವರ್ಷಗಳಾದ ಮೇಲೆ. ಕಲಿತ ಬಗೆ ಹೆಮ್ಮೆಪಡುವಂಥದಲ್ಲ. ಆದರೂ ಹೇಳುತ್ತೇನೆ. ನಮ್ಮ ಜಿಲ್ಲೆಯ ಸುಶಿಕ್ಷಿತ ಮನೆಗಳಲ್ಲಿ ಇಂದು ಒಂದೊಂದು ಗಣಕಯಂತ್ರವಿದೆ. ಅದರಲ್ಲಿ ಒಂದಲ್ಲ ಒಂದು ಹಳೆಯ ಬರಹವಿದೆ. ನನ್ನಂತೆ ಬುದ್ಧಿವಂತಿಕೆ ತೋರಲು ಹೋಗುವವರೂ ಇದ್ದಾರು.

ಸಂಗತಿಯ ಮೂಲ ನನ್ನ ಮನೆಯಾಕೆಯ ಒಂದು ಪದಪಟ್ಟಿ. ಆಕೆ ಧಾರವಾಡದ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ರಾಜೂರಿಗೆ ಬಂದ ಹೊಸತರಲ್ಲಿ ನಮ್ಮ ತಾಯಿಯವರು, “ಮೂಲ್ಯಾಗಿನ ಮಿಣಿ ತಗೊಂಡು ಬಾರವಾ” ಎಂದರೆ ಮೂಲೆಯನ್ನೆಲ್ಲ ಹುಡುಕಿ ಬರಿಗೈಯಲ್ಲಿ ಬರುತ್ತಿದ್ದಳು. ಮಿಣಿಯೆಂದರೆ ನೊಗಕ್ಕೆ ಕಟ್ಟುವ ತೊಗಲಿನ ಹಗ್ಗವೆಂದು ಆಕೆಗೆ ತಿಳಿಯುವದೆಂತು? ನಾಚಿಕೆಯಿಂದ ಆರಂಭವಾದದ್ದು ಮುಂದೆ ಹವ್ಯಾಸವಾಯಿತು. ಕೇಳಿದ ಹೊಸ ಮಾತನ್ನು ಶಾಲೆಯ ಹಾಳೆಯ ಹಿಂಬದಿಗೆ ಬರೆದಿಡುವಳು. ರಂಟೆ, ಕುಂಟೆ, ಎಡೆಕುಂಟೆ, ಅಕ್ಕಡಿ, ಹಂತಿ, ಮೇಟಿ, ಬಣವೆ, ಹಗೇವು—ಹೀಗೆ ಸಾವಿರದ ನೂರಕ್ಕೂ ಮಿಕ್ಕು ಮಾತುಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೆಸರಿಸುವ ವಸ್ತುಗಳೇ ಈಗ ನಮ್ಮೂರಲ್ಲಿಲ್ಲ. ಟ್ರಾಕ್ಟರು ಬಂದ ಮೇಲೆ ಮೇಟಿಯ ಸುತ್ತ ತಿರುಗುವ ಎತ್ತುಗಳಿಲ್ಲ, ಹಂತಿಯಿಲ್ಲ, ಹಂತಿಯ ಪದ ಹೇಳುವವರಿಲ್ಲ.

2010ರಲ್ಲಿ ನಾವು ಮನೆಗೆ ಗಣಕಯಂತ್ರ ತಂದಾಗ ಆಕೆ ಆ ಚೀಟಿಗಳನ್ನೆಲ್ಲ ಅದರಲ್ಲಿ ಬೆರಳಚ್ಚು ಮಾಡತೊಡಗಿದಳು. ಕನ್ನಡವು ಗಣಕಯಂತ್ರವನ್ನು ಹೊಕ್ಕ ಕಥೆ ವಾಚಕರಲ್ಲಿ ಅನೇಕರಿಗೆ ಗೊತ್ತಿದ್ದೀತು. ಶ್ರೀ ಕೆ. ಪಿ. ರಾಯರು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ಸಮಸ್ತ ಅಕ್ಷರಗಳನ್ನು ಹೊಂದಿಸುವ ಕೀಲಿಮಣೆಯನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಕೊಟ್ಟರು. ಶ್ರೀ ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರದ ಕಚೇರಿಗಳಲ್ಲಿ ಕನ್ನಡವನ್ನು ನೆಲೆಗೊಳಿಸಿತು. ನನ್ನ ಮನೆಯಾಕೆ ಬಳಸಿದ ತಂತ್ರಾಂಶ ಯಾವದೆಂಬದು ಇಲ್ಲಿ ಅನಾವಶ್ಯಕ. ಮುಂದೆ ಆದ ಅನಾಹುತದಲ್ಲಿ ತಪ್ಪು ಅದರದಲ್ಲ, ನನ್ನದು. ಸಂಜೆಯ ದೀಪ ಹಚ್ಚಿದ ಮೇಲೆ ಆಕೆ ಕೀಲಿಮಣೆಯ ಮುಂದೆ ಕುಳಿತರೆ ಊಟದ ಹೊತ್ತಿನವರೆಗೂ ಟಕಟಕ ಸಪ್ಪಳ ಕೇಳುತ್ತಿತ್ತು. ನಾನು ಪಡಸಾಲೆಯಲ್ಲಿ ವರ್ತಮಾನಪತ್ರ ಓದುತ್ತಿದ್ದೆನು. 2018ರಲ್ಲಿ ಆಕೆ ತೀರಿಕೊಂಡಳು. ಆ ಸಪ್ಪಳ ನಿಂತಿತು.

ಇನ್ನು ನನ್ನ ಪ್ರತಾಪವನ್ನು ಹೇಳಬೇಕು. ವಿಂಡೋಸ್ 7 ಎಂಬ ಕಾರ್ಯವ್ಯವಸ್ಥೆಗೆ ಅದರ ತಯಾರಕರ ಆಸರೆ 2020ರ ಜನವರಿ 14ರಂದು ನಿಂತಿತು. ಆದಕಾರಣ ಮನೆಯ ಯಂತ್ರವನ್ನು ವಿಂಡೋಸ್ 10ಕ್ಕೆ ಏರಿಸಿದ್ದಾಯಿತು. ಹತ್ತು ವರ್ಷದ ಮುದಿ ಯಂತ್ರ. ಹೊಸ ಹೊರೆ ಬಿದ್ದೊಡನೆ ಅದರ ಉಗ್ರಾಣ ತುಂಬಿ, ಒಂದು ಕಾಗದ ತೆರೆಯುವದರಲ್ಲಿ ಒಂದು ಸಲ ಚಹಾ ಕಾಸಿಕೊಳ್ಳಬಹುದಾಗಿತ್ತು. ಜಾಗ ಬಿಡಿಸಬೇಕೆಂದು ನಾನೇ ಕಸಬರಿಗೆ ಹಿಡಿದೆನು. ಬಹುದಿನ ಉಪಯೋಗಿಸದ ತಂತ್ರಾಂಶಗಳ ಕೋಶಗಳನ್ನು ಒಂದೊಂದಾಗಿ ಅಳಿಸಿದೆನು. ಆಕೆಯ ಕನ್ನಡ ತಂತ್ರಾಂಶದ ಕೋಶವೂ ಹೋಯಿತು. ಅಕ್ಷರರೂಪಗಳ ಕೋಶದಲ್ಲಿ ಗುರುತಿಲ್ಲದ ಹೆಸರುಗಳು ನೂರಾರು ಕಂಡವು. ಅವುಗಳಲ್ಲಿಯೂ ಬಹಳಷ್ಟನ್ನು ಕಿತ್ತೆನು. ಕೊನೆಗೆ ‘ಇನ್‌ಸ್ಟಾಲರ್’ ಎಂಬ ಹೆಸರಿನ ಒಂದು ಗುಪ್ತ ಕೋಶವು ಬಹಳ ಜಾಗ ತಿಂದದ್ದು ಕಣ್ಣಿಗೆ ಬಿದ್ದಿತು. ಗುಪ್ತವಾಗಿಟ್ಟದ್ದಕ್ಕೆ ಏನೋ ಕಾರಣವಿದ್ದೀತೆಂದು ಯೋಚಿಸದೆ ಅದನ್ನೂ ಬರಿದುಮಾಡಿದೆನು. ಯಂತ್ರವು ತುಸು ಚುರುಕಾಯಿತು. ನಾನು ಬೀಗಿದೆನು.

ಮುಂದಿನ ವರ್ಷ ಆಷಾಢದಲ್ಲಿ ಈ ಮಾಸಪತ್ರಿಕೆಯ ಸಂಪಾದಕರು, ನಮ್ಮ ಮನೆಯಲ್ಲಿ ಒಕ್ಕಲುತನದ ಮಾತುಗಳ ಸಂಗ್ರಹವಿದೆಯೆಂದು ಯಾರಿಂದಲೋ ಕೇಳಿ, ನಾಲ್ಕು ಪುಟ ಕಳಿಸಿಕೊಡಬೇಕೆಂದು ಪತ್ರ ಬರೆದರು. ನನಗೆ ಆನಂದವಾಯಿತು. ಆ ಕಡತವನ್ನು ತೆರೆದೆನು. ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಇಂಗ್ಲಿಷಿನ ಪಿ, ಕ್ಯೂ. ತಲೆಯ ಮೇಲೆ ಓರೆಗೆರೆ ಹೊತ್ತ ಎ. ಪೌಂಡ್ ನಾಣ್ಯದ ಗುರುತು. ಜರ್ಮನರ ಯಾವದೋ ಸಕಾರ—ಇವೆಲ್ಲ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಕಿಕ್ಕಿರಿದು ನಿಂತಿದ್ದವು. ಪುಟದ ಮೇಲೆ ಪುಟ ಹೊರಳಿಸಿದೆನು. ಕೊನೆಯವರೆಗೂ ಅದೇ.

ತಂತ್ರಾಂಶವನ್ನು ತೆಗೆದದ್ದು ನೆನಪಾಯಿತು. ಅದಕ್ಕೇನು, ಮತ್ತೆ ಹಾಕಿದರಾಯಿತೆಂದು ಅದರ ಸ್ಥಾಪನೆಯ ಕಡತವನ್ನು ತರಿಸಿಕೊಂಡು ಒತ್ತಿದೆನು. ಯಂತ್ರವು ಕ್ಷಣಕಾಲ ಯೋಚಿಸಿ ಉತ್ತರ ಕೊಟ್ಟಿತು: ಈ ತಂತ್ರಾಂಶದ ಇನ್ನೊಂದು ಆವೃತ್ತಿ ಈಗಾಗಲೇ ಇಲ್ಲಿ ನೆಲೆಸಿದೆ, ಮೊದಲು ಅದನ್ನು ಕಂಟ್ರೋಲ್ ಪ್ಯಾನೆಲ್ಲಿನಿಂದ ತೆಗೆಯತಕ್ಕದ್ದು. ಒಳ್ಳೆಯದೆಂದು ಅಲ್ಲಿಗೆ ಹೋದೆನು. ನಾನು ಅಳಿಸಿದ ತಂತ್ರಾಂಶದ ಹೆಸರು ಯಾದಿಯಲ್ಲಿ ಠೀವಿಯಿಂದ ಕುಳಿತಿತ್ತು. ‘ತೆಗೆ’ ಎಂದು ಆಜ್ಞೆ ಮಾಡಿದೆನು. ಅದಕ್ಕೆ ಬಂದ ಉತ್ತರ: ತೆಗೆಯಲು ಮೂಲ ಸ್ಥಾಪನೆಯ ಕಟ್ಟು ಬೇಕು, ಅದು ಸಿಗುತ್ತಿಲ್ಲ. ಹಾಕಬೇಕಾದರೆ ತೆಗೆದಿರಬೇಕು, ತೆಗೆಯಬೇಕಾದರೆ ಹಾಕಿದ್ದು ಸರಿಯಾಗಿರಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂದು ನಮ್ಮ ಹಿರಿಯರು ಗಣಕಯಂತ್ರವನ್ನು ಕಾಣದೆಯೇ ಹೇಳಿ ಹೋಗಿದ್ದಾರೆ.

ಮೂರು ದಿನ ನಾನು ಮಾಡಿದ ಉಪಚಾರಗಳನ್ನು ವಿಸ್ತರಿಸಿ ವಾಚಕರ ತಲೆ ತಿನ್ನುವದಿಲ್ಲ. ಯಂತ್ರವನ್ನು ನಿಲ್ಲಿಸಿ ಮತ್ತೆ ಹೊತ್ತಿಸಿದ್ದಾಯಿತು. ಸ್ಥಾಪನೆಯ ಕಡತವೇ ಕೆಟ್ಟಿದ್ದೀತೆಂದು ಇನ್ನೊಮ್ಮೆ ಇಳಿಸಿಕೊಂಡದ್ದಾಯಿತು. ಆಡಳಿತಗಾರನ ಅಧಿಕಾರದಿಂದ ನಡೆಸಿ ನೋಡಿದ್ದಾಯಿತು. ವೈರಸ್ ಕಾವಲುಗಾರನು ಅಡ್ಡಬಂದಿದ್ದಾನೆಂದು ಅವನನ್ನು ಅರ್ಧ ತಾಸು ಮಲಗಿಸಿದ್ದಾಯಿತು. ನಡುನಡುವೆ ವಿದ್ಯುತ್ತು ಹೋಗುವದು. ಹೊರಗೆ ಬಂದು ನೋಡಿದರೆ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಶ್ಚಿಂತೆಯಿಂದ ತಿರುಗುತ್ತಲಿರುವವು. ವಿದ್ಯುತ್ತು ಬಂದ ಮೇಲೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ.

ನಾಲ್ಕನೆಯ ದಿನ, ಇಂಥ ಯಂತ್ರಗಳನ್ನು ದುರಸ್ತಿ ಮಾಡುವ ಒಬ್ಬ ತರುಣನನ್ನು ಕರೆಸಿದೆನು. ಒಳ್ಳೆಯ ಹುಡುಗ, ನನ್ನ ಶಾಲೆಯಲ್ಲಿ ಓದಿದವನು. ಅವನು ಹತ್ತು ನಿಮಿಷ ಪರೀಕ್ಷಿಸಿ, “ಸರ್, ಇದಕ್ಕ ಒಂದೇ ಮದ್ದು ಅದರಿ. ಎಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಬಿಡೋದು. ಸಂಜೀಕ ಮಷೀನು ಹೊಸಾದರಂಗ ಆಗ್ತದ” ಎಂದನು.

“ಒಳಗಿನ ಬರಹ?” ಎಂದೆನು.

“ಫೋಟೋ ಅದೂ ಇದೂ ತೆಗೆದಿಡ್ತೀನ್ರಿ. ಆದ್ರ ಈ ಫೈಲ್ ಕೆಟ್ಟು ಹೋಗೇದ, ನೋಡ್ರಲ್ಲ. ಇದನ್ನೇನ್ ಮಾಡ್ತೀರಿ?”

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಹುಟ್ಟಿದಂದಿನಿಂದ ಫೋನಿನಲ್ಲಿ ಕನ್ನಡವು ತಾನಾಗಿ ಮೂಡುವದನ್ನು ಕಂಡ ಹುಡುಗ. ಕನ್ನಡಕ್ಕೆ ಬೇರೆಯೊಂದು ವೇಷದ ಕಾಲವಿತ್ತೆಂದು ಅವನಿಗೆ ಯಾರು ಹೇಳಿದ್ದರು? ಸರಿ, ಹಾಗೆಯೇ ಮಾಡೆಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಕೆಟ್ಟದ್ದನ್ನು ಇಟ್ಟುಕೊಂಡು ಮಾಡುವದೇನು? ಕೊನೆಯ ಸಲವೆಂದು ಆ ಪುಟವನ್ನು ನೋಡಿದೆನು. ಆಗ ಕಂಡದ್ದನ್ನು ಹೇಗೆ ಹೇಳಲಿ? ಅಕ್ಷರಗಳು ಕೆಟ್ಟಿದ್ದವು, ಸಾಲುಗಳು ಕೆಟ್ಟಿರಲಿಲ್ಲ. ಪ್ರತಿಯೊಂದು ಸಾಲಿನ ಆರಂಭದಲ್ಲಿ ಕ್ರಮಾಂಕ, ಅದರ ಮುಂದೆ ಒಂದು ಚಿಕ್ಕ ಮಾತು, ಒಂದು ಅಡ್ಡಗೆರೆ, ಆಮೇಲೆ ಎರಡು ಮೂರು ಸಾಲಿನ ವಿವರಣೆ, ಒಂದು ಬರಿ ಸಾಲು. ಮತ್ತೆ ಕ್ರಮಾಂಕ. ಇದು ಆಕೆಯ ಕೈ. ಮೂವತ್ತು ವರ್ಷ ಹಲಗೆಯ ಮೇಲೆ ಮಕ್ಕಳಿಗೆ ಬರೆದುಕೊಟ್ಟ ರೀತಿಯೇ ಇದು. ಕೆಟ್ಟುಹೋದ ಕಡತವು ಇಷ್ಟು ಓರಣವಾಗಿ ಕೆಡುವದಿಲ್ಲ.

“ತಡಿ ತಮ್ಮಾ, ಏನೂ ಅಳಿಸಬ್ಯಾಡ” ಎಂದೆನು. ಅವನು ಬೇಸರಪಡದೆ ಚಹಾ ಕುಡಿದು ಹೋದನು.

ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮಗನಿದ್ದಾನೆ. ತಂತ್ರಾಂಶದ ಕೆಲಸವೇ ಅವನ ಉದ್ಯೋಗ; ಸಾಂಕ್ರಾಮಿಕದ ಕಾಲವಾದ್ದರಿಂದ ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದನು. ರಾತ್ರಿ ಫೋನಿನಲ್ಲಿ ಎಲ್ಲವನ್ನೂ ಕೇಳಿಕೊಂಡು ಅವನು ಮೊದಲು ನಕ್ಕನು, ಆಮೇಲೆ, “ಮಾಮಾ, ಅತ್ತಿ ಬರದದ್ದು ಎಲ್ಲೂ ಹೋಗಿಲ್ಲ, ಅಂಜಬ್ಯಾಡ್ರಿ. ನೀವು ಕಳದದ್ದು ಕನ್ನಡಕ ಅಷ್ಟ. ಮೊದಲ ಆ ಫೈಲು ಎರಡು ಪೆನ್‌ಡ್ರೈವಿಗೆ ಹಾಕಿ ಒಂದನ್ನ ತಿಜೋರ್ಯಾಗ ಇಡ್ರಿ. ಅಲ್ಲೀತನಾ ನಾ ಮುಂದಿನ ಮಾತು ಹೇಳೂದುಲ್ಲ” ಎಂದನು. ಹಾಗೆಯೇ ಮಾಡಿದೆನು.

ತರುವಾಯ ಅವನು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವೆನು. ತಂತ್ರಾಂಶವೊಂದು ಯಂತ್ರದಲ್ಲಿ ನೆಲೆಸುವಾಗ ತನ್ನ ಕೋಶದಲ್ಲಿ ಮಾತ್ರ ಇರುವದಿಲ್ಲ. ಯಂತ್ರದಲ್ಲಿ ರಿಜಿಸ್ಟ್ರಿ ಎಂಬ ಒಂದು ದೊಡ್ಡ ದಫ್ತರವಿದೆ. ಯಾವ ತಂತ್ರಾಂಶ ಎಲ್ಲಿದೆ, ಯಾವ ಆವೃತ್ತಿ, ಅದನ್ನು ತೆಗೆಯುವ ಕ್ರಮವೇನು ಎಂಬದೆಲ್ಲ ಅಲ್ಲಿ ಮೂವತ್ತೆರಡು ಅಂಕಾಕ್ಷರಗಳ ಒಂದು ಗುರುತಿನ ಕೆಳಗೆ ದಾಖಲಾಗಿರುತ್ತದೆ. ಸ್ಥಾಪನೆಯ ಕಟ್ಟಿನ ಒಂದು ನಕಲು, ಮುಂದೆ ತೆಗೆಯಲು ಬೇಕಾದೀತೆಂದು, ಆ ಗುಪ್ತ ಕೋಶದಲ್ಲಿ ಕಾದಿರಿಸಲ್ಪಡುತ್ತದೆ. ನಾನು ಮನೆಯನ್ನು ಕೆಡವಿದ್ದೆನು. ಕಾಗದಪತ್ರದ ಪೆಟ್ಟಿಗೆಯನ್ನು ಸುಟ್ಟಿದ್ದೆನು. ಚಾವಡಿಯ ಉತಾರದಲ್ಲಿ ಹೆಸರು ಮಾತ್ರ ಹಾಗೆಯೇ ಉಳಿದಿತ್ತು. ನಮ್ಮ ಸೀಮೆಯಲ್ಲಿ ತೀರಿಕೊಂಡವರ ಹೆಸರು ಉತಾರದಿಂದ ಇಳಿದು ವಾರಸಾ ಆಗುವವರೆಗೆ ಹೊಸ ಹೆಸರು ಏರುವದಿಲ್ಲವೆಂಬದನ್ನು ಬಲ್ಲವರೆಲ್ಲ ಬಲ್ಲರು; ಆಕೆಯ ಹೆಸರಿನ ಎರಡೆಕರೆಯ ಸಲುವಾಗಿ ನಾನೂ ಅಲೆದವನೇ. ಯಂತ್ರವು ಹಟಮಾರಿಯಾಗಿರಲಿಲ್ಲ. ತನ್ನ ದಫ್ತರದಲ್ಲಿ ಇದ್ದದ್ದನ್ನು ಹೇಳುತ್ತಿತ್ತು.

“ಅಂದರ ಕೂಳಿ ಉಳದೈತಿ ಅನ್ನು” ಎಂದೆನು. ಪೇಟೆಯ ಹುಡುಗನಿಗೆ ಅದನ್ನು ಬಿಡಿಸಿ ಹೇಳಬೇಕಾಯಿತು.

ಕೂಳೆ ಕೀಳುವ ಕೆಲಸ ಮರುದಿನ ನಡೆಯಿತು. ದಫ್ತರದಲ್ಲಿ ಕೈಯಾರೆ ಒಂದು ಸಾಲು ತಪ್ಪಾಗಿ ಅಳಿಸಿದರೆ ಇಡೀ ಯಂತ್ರ ಕೂತುಬಿಡಬಹುದು. ಆದ್ದರಿಂದ ಮೊದಲು ಯಂತ್ರದ ಸದ್ಯದ ಸ್ಥಿತಿಯನ್ನು ಗುರುತುಮಾಡಿಡುವ ‘ರಿಸ್ಟೋರ್ ಪಾಯಿಂಟ್’ ಮಾಡಿಸಿದನು. ಆಮೇಲೆ, ಹೀಗೆ ಅರೆಬರೆ ಉಳಿದ ತಂತ್ರಾಂಶಗಳನ್ನು ತೆಗೆಯಲೆಂದೇ ಮೈಕ್ರೋಸಾಫ್ಟ್ ಸಂಸ್ಥೆಯು ಬಿಟ್ಟಿ ಕೊಡುತ್ತಿದ್ದ ಒಂದು ಚಿಕ್ಕ ಸಾಧನವನ್ನು ತರಿಸಿ ನಡೆಸಿದೆವು. ಅದು, ನಿಮ್ಮ ತೊಂದರೆ ಹಾಕುವದರಲ್ಲಿಯೋ ತೆಗೆಯುವದರಲ್ಲಿಯೋ ಎಂದು ಕೇಳಿತು. ತೆಗೆಯುವದರಲ್ಲಿ ಎಂದೆವು. ಯಾದಿ ತೋರಿಸಿತು, ಹೆಸರು ಆರಿಸಿದೆವು, ಎರಡು ನಿಮಿಷದಲ್ಲಿ ದಫ್ತರದ ಹಳೆಯ ನಮೂದು ಅಳಿಯಿತು. ಯಂತ್ರವನ್ನು ನಿಲ್ಲಿಸಿ ಹೊತ್ತಿಸಿ, ಸ್ಥಾಪನೆಯ ಕಡತವನ್ನು ಆಡಳಿತಗಾರನ ಅಧಿಕಾರದಿಂದ ನಡೆಸಿದೆವು. ಈ ಸಲ ಯಂತ್ರವು ಮರುಮಾತಾಡಲಿಲ್ಲ. ಹಸುರು ಪಟ್ಟಿ ತುದಿ ಮುಟ್ಟಿತು. ಕಡತವನ್ನು ತೆರೆದೆನು. ಮೊದಲನೆಯ ಸಾಲಿನಲ್ಲಿ ಕನ್ನಡದಲ್ಲಿ ‘ಅಕ್ಕಡಿ’ ಎಂದು ಬರೆದಿತ್ತು. ನಾನು ಬಹಳ ಹೊತ್ತು ಮಾತಾಡದ್ದರಿಂದ ಅಳಿಯನು ಆ ಕಡೆಯಿಂದ, “ಮಾಮಾ, ಲೈನಿನ್ಯಾಗ ಅದೀರೇನು?” ಎಂದು ಕೇಳಿದನು.

ಇಲ್ಲಿಗೆ ಕಥೆ ಮುಗಿದಿದ್ದರೆ ಬರೆಯುವಷ್ಟು ವಿಷಯವಿರಲಿಲ್ಲ. ಕಡತವನ್ನು ಹೀಗೆಯೇ ಪತ್ರಿಕೆಗೆ ಕಳಿಸಬಾರದು, ಯುನಿಕೋಡಿಗೆ ತಿರುಗಿಸಬೇಕೆಂದು ಅಳಿಯನು ಹಟ ಹಿಡಿದನು. ಏಕೆಂದು ಕೇಳಿದಾಗ ಅವನು ಹೇಳಿದ ಸಂಗತಿ ನನ್ನನ್ನು ಬೆರಗುಗೊಳಿಸಿತು. ಹಳೆಯ ಪದ್ಧತಿಯಲ್ಲಿ ಯಂತ್ರಕ್ಕೆ ಕನ್ನಡವೇ ಗೊತ್ತಿರಲಿಲ್ಲ. ಅದರಲ್ಲಿ ಇದ್ದದ್ದು ಇನ್ನೂರೈವತ್ತಾರು ಮನೆಗಳು. ಅವುಗಳಲ್ಲಿ ಇಂಗ್ಲಿಷು ಮೊದಲಾದ ಯುರೋಪಿನ ಅಕ್ಷರಗಳ ವಾಸ. ನಮ್ಮವರು ಆ ಮನೆಗಳ ಬಾಗಿಲ ಮೇಲೆ ಕನ್ನಡ ಅಕ್ಷರಗಳ ತುಂಡುಗಳ ಚಿತ್ರವನ್ನು ಅಂಟಿಸಿದರು. ನಾವು ‘ಕನ್ನಡ’ ಎಂದು ಬರೆದಾಗ ಯಂತ್ರವು ಬರೆದುಕೊಂಡದ್ದು ಪಿ, ಪೌಂಡು, ಕ್ಯೂ ಇತ್ಯಾದಿಗಳನ್ನೇ. ಅಕ್ಷರರೂಪದ ಕಡತವು ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿತ್ತು. ಮುಖವಾಡವನ್ನು ನಾನು ಕಿತ್ತೆಸೆದಾಗ ಒಳಗಿನವರು ಹೊರಗೆ ಬಂದರು. ಅದರಲ್ಲಿ ‘ಮ’ ಎಂಬ ಅಕ್ಷರಕ್ಕೆ ಸ್ವಂತ ಮನೆಯೂ ಇರಲಿಲ್ಲವಂತೆ. ‘ವ’ಕಾರದ ಒಡಲಿಗೆ ಕೊಂಬಿನಂಥ ಬಾಲ ಹಚ್ಚಿ ‘ಮ’ ಮಾಡುತ್ತಿದ್ದರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ತಲೆಕಟ್ಟು, ಒತ್ತು, ಕೊಂಬುಗಳನ್ನು ಬೇರೆ ಬೇರೆ ಆರಿಸಿ ಕೂಡಿಸುತ್ತಿದ್ದರಲ್ಲ, ಅದೇ ಯುಕ್ತಿ. ಆ ಕಾಲಕ್ಕೆ ಅದು ಜಾಣತನವೇ. ಅದಿಲ್ಲದಿದ್ದರೆ ಎಷ್ಟೋ ಕನ್ನಡ ಬರಹ ಯಂತ್ರವನ್ನು ಹೊಗುತ್ತಲೇ ಇರಲಿಲ್ಲ.

ಆದರೆ ಪದಪಟ್ಟಿಗೆ ಅದರಿಂದ ಒಂದು ದೊಡ್ಡ ಬಾಧೆ. ಮಾತುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಯಂತ್ರವು ಇಂಗ್ಲಿಷಿನ ಕ್ರಮದಲ್ಲಿ ಜೋಡಿಸುವದು. ಆಕೆ ಸಾವಿರದ ನೂರು ಮಾತುಗಳನ್ನೂ ಒಂದೊಂದಾಗಿ ಕತ್ತರಿಸಿ, ಒಂದೊಂದಾಗಿ ಸ್ಥಳದಲ್ಲಿಟ್ಟು ಓರಣ ಮಾಡಿದ್ದಳೆಂದು ನನಗೆ ಆಗ ತಿಳಿಯಿತು. ಆ ಟಕಟಕ ಸಪ್ಪಳದ ಎಷ್ಟೋ ಸಂಜೆಗಳು ಇದಕ್ಕೇ ಹೋಗಿರಬೇಕು. ಯುನಿಕೋಡಿನಲ್ಲಿ ಹಾಗಲ್ಲ. 1991ರಲ್ಲಿ ಬಂದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ನೂರಿಪ್ಪತ್ತೆಂಟು ಮನೆಗಳ ಸ್ವಂತ ಓಣಿ ದೊರೆತಿದೆ. ‘ಕ’ ಎಂದರೆ 3221ನೆಯ ಮನೆ. ರಾಜೂರಿನಲ್ಲಿಯೂ ಅದೇ, ಅಮೇರಿಕೆಯಲ್ಲಿಯೂ ಅದೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರರೂಪವೇ ಜೊತೆಗೆ ಬಂದಿತು. ಅಂದರೆ ನಮ್ಮ ಮನೆಗೆ ಯಂತ್ರ ಬಂದ 2010ರಲ್ಲಿ ಬೇರೆ ದಾರಿ ಇತ್ತು. ರೂಢಿಯ ಬಂಡಿಜಾಡನ್ನು ಬಿಟ್ಟು ಆ ದಾರಿ ಹಿಡಿಯಬೇಕೆಂದು ನಮಗೆ ಹೊಳೆದಿರಲಿಲ್ಲ.

ತಂತ್ರಾಂಶದಲ್ಲಿಯೇ ಇದ್ದ ಪರಿವರ್ತಕದಿಂದ ಕಡತವನ್ನು ತಿರುಗಿಸಿದೆವು. ಕ್ಷಣದಲ್ಲಿ ಆಯಿತು, ಆದರೆ ಪೂರ್ತಿ ಸರಿಯಾಗಿ ಆಗಲಿಲ್ಲ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಬರೆಯುತ್ತಾರೆ. ಯುನಿಕೋಡಿನಲ್ಲಿ ಉಚ್ಚಾರದಂತೆ ರೇಫವು ಮುಂದೆ ನಿಲ್ಲಬೇಕು. ಪರಿವರ್ತಕವು ಕೆಲವೆಡೆ ಅದನ್ನು ಸ್ಥಳಾಂತರಿಸಿತು, ಕೆಲವೆಡೆ ಮರೆಯಿತು. ವರ್ಷವು ವರ್ಷವಾಗಿ ಉಳಿಯಲಿಲ್ಲ, ಕಾರ್ತಿಕಕ್ಕೆ ರೇಫ ತಪ್ಪಿತು. ಒತ್ತುಗಳೂ ಅಲ್ಲಲ್ಲಿ ಜಾರಿದ್ದವು. ಮೊದಲಿನಿಂದ ಕೊನೆಯವರೆಗೆ ಒಬ್ಬರು ಕುಳಿತು ತಿದ್ದಬೇಕು, ಬೇರೆ ದಾರಿಯಿಲ್ಲ.

ತಿದ್ದಲು ಕುಳಿತೆನು. ಆಗ ನನಗೆ ಒಂದು ಸಂಗತಿ ಹೊಳೆಯಿತು. ವಾಚಕರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಎಂಟು ವರ್ಷ ಆಕೆ ಬರೆದದ್ದನ್ನು ನಾನು ಒಂದು ಸಲವೂ ಓದಿರಲಿಲ್ಲ. ಸಂಪಾದಕರಿಗೆ ನಾಲ್ಕು ಪುಟ ಕಳಿಸುವೆನೆಂದು ಒಪ್ಪಿಕೊಂಡಾಗಲೂ, ತೆರೆದು, ಮೊದಲಿನ ನಾಲ್ಕು ಪುಟ ಕತ್ತರಿಸಿ ಕಳಿಸುವದೇ ನನ್ನ ಯೋಚನೆಯಾಗಿತ್ತು. ತಂತ್ರಾಂಶವು ಮೊದಲ ಒತ್ತಿಗೇ ನೆಲೆಸಿದ್ದರೆ ಹಾಗೆಯೇ ಆಗುತ್ತಿತ್ತು.

ಎರಡು ತಿಂಗಳು ಹಿಡಿಯಿತು. ದಿನಕ್ಕೆ ಇಪ್ಪತ್ತು ಮಾತು. ‘ಹಗೇವು’ ಎಂಬಲ್ಲಿ ಆಕೆ ಬರೆದದ್ದು: “ಕಾಳು ಕೂಡಿಡುವ ನೆಲದೊಳಗಿನ ಕಣಜ. ಬಾಯಿ ತೆರೆದ ಕೂಡಲೆ ಇಳಿಯಬಾರದು. ಕೆಟ್ಟ ಗಾಳಿ ಹೋಗಲಿಕ್ಕೆ ಬಿಡಬೇಕು.” ‘ಸೀತನಿ’ ಎಂಬಲ್ಲಿ ಎಳೆಯ ಜೋಳದ ತೆನೆಯನ್ನು ಸುಡುವ ಬಗೆ, ಉಜ್ಜುವ ಬಗೆ, ಜೊತೆಗೆ ತಿನ್ನುವ ಚಟ್ನಿಯ ಹೆಸರು. ‘ಚರಗ’ ಎಂಬಲ್ಲಿ ನಮ್ಮ ತಾಯಿಯವರು ಎಳ್ಳಮಾವಾಸ್ಯೆಯ ದಿನ ಹೊಲದ ಯಾವ ಮೂಲೆಯಿಂದ ಚೆಲ್ಲಲು ಆರಂಭಿಸುತ್ತಿದ್ದರೆಂಬದು. ‘ಕೂಳೆ’ ಎಂಬಲ್ಲಿ ಬೆರಳು ನಿಂತಿತು: “ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಜೋಳದ ಬುಡ. ಆರಿಸಿ ತಂದು ಒಲೆಗೆ ಹಾಕುವರು. ಮಳೆ ಬಿದ್ದರೆ ಮತ್ತೆ ಚಿಗಿಯುತ್ತದೆ. ಆ ಚಿಗುರನ್ನು ದನ ಮೇಯಗೊಡಬಾರದು, ವಿಷ.” ಜೋಳದ ಎಳೆಯ ಕುಡಿಯಲ್ಲಿ ದನವನ್ನು ಕೊಲ್ಲಬಲ್ಲ ನಂಜಿರುವದನ್ನು ವಿಜ್ಞಾನವೂ ಒಪ್ಪುತ್ತದೆ. ಪರಿವರ್ತನೆಯಲ್ಲಿ ‘ಬಾರದು’ ಎಂಬದು ಜಾರಿಹೋಗಿ, ತಿದ್ದುವವನು ಕಣ್ಣು ಮುಚ್ಚಿದ್ದರೆ, ಒಂದು ಮಾತಿನ ಜೊತೆಗೆ ಯಾರದೋ ಕೊಟ್ಟಿಗೆಯ ದನವೂ ಹೋದೀತಲ್ಲವೆ? ಇಂಥದನ್ನು ಅಲಂಕಾರವೆಂದು ತಿಳಿದಿದ್ದೆನು, ಇದು ಜ್ಞಾನ.

ನಡುನಡುವೆ ಕೆಲವು ಮಾತುಗಳ ಮುಂದೆ ಅರ್ಥವಿರಲಿಲ್ಲ. ಅಡ್ಡಗೆರೆಯ ಆಚೆ ಒಂದೇ ಸಾಲು: “ನಮ್ಮವರನ್ನು ಕೇಳಬೇಕು.” ಮೊದಲನೆಯದನ್ನು ಕಂಡಾಗ ನಗೆ ಬಂದಿತು. ಮುಂದೆ ಮತ್ತೊಂದು, ಇನ್ನೊಂದು. ಎಣ್ಣಿಸಿದೆನು, ಹದಿನೇಳು ಇದ್ದವು. ಆಕೆ ಕೇಳಿದ್ದಳೋ? ಪಡಸಾಲೆಗೆ ಬಂದು ನಿಂತು, ನಾನು ಪತ್ರದಿಂದ ತಲೆಯೆತ್ತದ್ದನ್ನು ನೋಡಿ ತಿರುಗಿ ಹೋಗಿದ್ದಳೋ? ನನಗೆ ನೆನಪಿಲ್ಲ. ನೆನಪಿಲ್ಲದಿರುವದೇ ಉತ್ತರವೆಂದು ತಿಳಿದುಕೊಂಡಿದ್ದೇನೆ.

ಹದಿನೇಳರಲ್ಲಿ ಹನ್ನೊಂದರ ಅರ್ಥ ನನಗೆ ಗೊತ್ತಿತ್ತು. ಒಕ್ಕಲಿಗರ ಮಗನಾಗಿ ಹುಟ್ಟಿದವನಿಗೆ ಅಷ್ಟು ಗೊತ್ತಿರಬೇಕಾದ್ದೇ. ಅವುಗಳನ್ನು ಆಕೆಯ ರೀತಿಯಲ್ಲಿಯೇ, ಎರಡು ಮೂರು ಸಾಲು ಮೀರದಂತೆ, ಬರೆದು ತುಂಬಿದೆನು. ಉಳಿದ ಆರರ ಸಲುವಾಗಿ ಊರ ಹಿರಿಯರ ಕಟ್ಟೆಗಳನ್ನು ಹತ್ತಿಳಿದೆನು. ಎಂಬತ್ತು ದಾಟಿದ ಒಬ್ಬ ಅಜ್ಜನು, “ಇಷ್ಟ ದಿನಾ ಎಲ್ಲಿ ಹೋಗಿದ್ದಿ? ನಿಮ್ಮ ಮನ್ಯಾಕಿ ಬಂದು ಕೇಳಿ ಹೋಗತಿದ್ದಳು” ಎಂದು ನಾಲ್ಕರ ಅರ್ಥ ಹೇಳಿದನು. ಇನ್ನೆರಡು ಹಾಗೆಯೇ ಉಳಿದವು.

ಈಗ ಆ ಪಟ್ಟಿ ಮೂರು ಸ್ಥಳಗಳಲ್ಲಿದೆ: ಮನೆಯ ಯಂತ್ರದಲ್ಲಿ, ತಿಜೋರಿಯ ಪೆನ್‌ಡ್ರೈವಿನಲ್ಲಿ, ಹುಬ್ಬಳ್ಳಿಯ ಅಳಿಯನ ಹತ್ತಿರ. ಕಾಗದದ ಮೇಲೆಯೂ ಒಂದು ಪ್ರತಿ ಮಾಡಿಸಿದ್ದೇನೆ. ಯಂತ್ರಗಳಿಗೆ ಆಯುಷ್ಯ ಕಡಿಮೆ. ನಾನು ಇಷ್ಟು ಪಾಡುಪಟ್ಟ ವಿಂಡೋಸ್ 10ಕ್ಕೂ 2025ರ ಅಕ್ಟೋಬರ 14ರಂದು ತಯಾರಕರ ಸಾಮಾನ್ಯ ಆಸರೆ ನಿಂತಿತು. ಮನೆಯಲ್ಲಿ ಹಳೆಯ ಅಕ್ಷರರೂಪದ ಕಡತಗಳಿರುವ ವಾಚಕರಲ್ಲಿ ನನ್ನ ವಿನಂತಿ ಇಷ್ಟೇ: ಓದಲು ಬಾರದ ಕಡತವನ್ನು ಕೆಟ್ಟಿತೆಂದು ಎಸೆಯಬೇಡಿರಿ; ತಂತ್ರಾಂಶವನ್ನು ತೆಗೆಯುವದಾದರೆ ಅದರ ಬಾಗಿಲಿನಿಂದಲೇ ತೆಗೆಯಿರಿ, ಗೋಡೆ ಒಡೆದು ತೆಗೆಯಬೇಡಿರಿ; ಸ್ಥಾಪನೆಯ ಕಟ್ಟನ್ನು ಜೋಪಾನವಾಗಿಡಿರಿ; ತಿದ್ದುವ ಪುಣ್ಯಾತ್ಮರು ಬದುಕಿರುವಾಗಲೇ ಯುನಿಕೋಡಿಗೆ ತಿರುಗಿಸಿರಿ. ಅದಕ್ಕಿಂತ ಮೊದಲು, ಬರೆದವರು ಇನ್ನೂ ಮನೆಯಲ್ಲಿದ್ದರೆ, ಅವರ ಹಿಂದೆ ಹೋಗಿ ನಿಂತು ಏನು ಬರೆಯುತ್ತಿರುವರೆಂದು ಒಮ್ಮೆ ಓದಿರಿ.

ಪಟ್ಟಿಯ ಮೊದಲನೆಯ ಭಾಗವು ಈ ಸಂಚಿಕೆಯಲ್ಲಿಯೇ ಅಚ್ಚಾಗುತ್ತಿದೆ. ಅರ್ಥ ಸಿಗದ ಆ ಎರಡು ಮಾತುಗಳನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಕೊಟ್ಟಿದ್ದೇನೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹಿರಿಯರಲ್ಲಿ ಯಾರಿಗಾದರೂ ಅವು ಗೊತ್ತಿದ್ದರೆ ಸಂಪಾದಕರಿಗೆ ಒಂದು ಕಾರ್ಡು ಬರೆಯುವ ಕೃಪೆ ಮಾಡಬೇಕು. ಅವುಗಳ ಮುಂದೆ ಆಕೆ ಬರೆದಿಟ್ಟ ಸಾಲನ್ನು ನಾನಿನ್ನೂ ಅಳಿಸಿಲ್ಲ.